ಕೂದಲೆಳೆಯಷ್ಟು ತಡ

ಮಾರ್ಚ್ 4, ಮಂಗಳವಾರ

ತಂತಿ ಬದಲಿಸಬೇಕು. ನಿನ್ನೆ ಹೋಟೆಲಿನಲ್ಲಿ ನುಡಿಸಿದ ಮೇಲೆ ಅದರಲ್ಲಿ ಅನುಮಾನ ಉಳಿದಿಲ್ಲ.

ಹಾಲ್‌ಗೆ ಹೋದಾಗ ನನ್ನ ಗಂಡ ಡ್ರಮ್ಸ್ ನುಡಿಸಲು ಕೂರುತ್ತಿದ್ದ ಸ್ಟೂಲಿನ ಮೇಲೆ ಬ್ಯಾಂಡಿನ ಲೀಡರ್ ಒಂದು ಕಪ್ಪು ಪೆಟ್ಟಿಗೆ ಇಟ್ಟಿದ್ದರು. ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. "ಇನ್ಮೇಲೆ ಡ್ರಮ್ಸ್ ಇದೇ. ಚಹಾ ಕೇಳಲ್ಲ, ರಜಾ ಕೇಳಲ್ಲ," ಅಂದರು. ತಮಾಷೆ ಮಾಡಿದ್ದು. ಹಾಡುವ ಮೈನಾ ನಗಲಿಲ್ಲ. ನಾನು ನಕ್ಕೆ, ಯಾರಾದರೂ ನಗಬೇಕಲ್ಲ. ಕೀಬೋರ್ಡಿಗೆ ಲೀಡರ್, ಹಾಡಿಗೆ ಮೈನಾ, ಬೇಸ್ ಗಿಟಾರಿಗೆ ನಾನು, ಉಳಿದದ್ದಕ್ಕೆ ಪೆಟ್ಟಿಗೆ. ಚಹಾಕ್ಕೆ ಬರುವವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಚಮಚದ ಸದ್ದು ಎಂದಿನಷ್ಟೇ ಇತ್ತು.

ಮುಗಿದ ಮೇಲೆ ವೈರು ಸುತ್ತುತ್ತಾ ಲೀಡರ್ ಅಂದರು: "ನೀನು ತಾಳಕ್ಕಿಂತ ಹಿಂದೆ ಬೀಳ್ತಾ ಇದ್ದೀಯ."

"ಎಷ್ಟು?"

"ಕೂದಲೆಳೆಯಷ್ಟು. ಆದ್ರೆ ಪ್ರತಿ ಸಲ."

ಇಷ್ಟು ವರ್ಷ ನುಡಿಸಿದವಳಿಗೆ ಈ ಮಾತು. ಮನೆಗೆ ಬಂದು ಯೋಚಿಸಿದೆ. ನನ್ನದು ಚಪ್ಪಟೆ ಪಟ್ಟಿ ಸುತ್ತಿದ ಹಳೆಯ ತಂತಿ. ಮೇಲ್ಮೈ ಬೆಣ್ಣೆಯಂತೆ ನಯ, ನಾದ ದಿಂಬಿಗೆ ಗುದ್ದಿದ ಹಾಗೆ. ಮೀಟಿದ ಮೇಲೆ ಸ್ವರ ನಿಧಾನಕ್ಕೆ ಅರಳುತ್ತದೆ, ಹಾಗಾಗಿ ತಡವಾದಂತೆ ಕೇಳಿಸುತ್ತದೆ. ತಪ್ಪು ಬೆರಳಿನದಲ್ಲ. ಈ ತಂತಿ ಆರಿಸಿದ್ದು ಅವನೇ. ಹೊಸ ತಂತಿ ಅರಚುತ್ತದೆ, ತನ್ನ ದೊಡ್ಡ ಡ್ರಮ್ಮಿನ ಸದ್ದಿಗೆ ಅಡ್ಡ ಬರುತ್ತದೆ ಅನ್ನುತ್ತಿದ್ದ. ಅದು ಸರಿಯೂ ಆಗಿತ್ತು. ನಮ್ಮಿಬ್ಬರ ಸದ್ದು ಸೇರಿ ಒಂದೇ ಸದ್ದಾಗುತ್ತಿತ್ತು. ಅವನ ಕಾಲು ಎಲ್ಲಿ ಮುಗಿಯಿತು, ನನ್ನ ಬೆರಳು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಯಾವ ತಂತಿ ಹಾಕಿದೆ, ನಾದ ಹೊಂದಿಸುವ ಗುಂಡಿಗಳನ್ನು ಎಲ್ಲಿಟ್ಟೆ, ಹೇಗೆ ಕೇಳಿಸಿತು ಎಂದು ಬರೆದಿಡದಿದ್ದರೆ ಮರೆತುಹೋಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಬೇರೇನೂ ಬರೆಯುವುದಿಲ್ಲ.

ಮಾರ್ಚ್ 7, ಶುಕ್ರವಾರ

ತಂತಿ ಅಂಗಡಿಯವರಿಗೆ ಜೋರು ನೆಗಡಿ. ಕಿವಿ ಕಟ್ಟಿಕೊಂಡಿದೆ ಎಂದು ಸನ್ನೆ ಮಾಡಿ ತೋರಿಸಿದರು. ಆದರೂ ಗೋಡೆಯಿಂದ ಎರಡು ಗಿಟಾರು ಇಳಿಸಿ, ಒಂದರಲ್ಲಿ ಸ್ಟೀಲು, ಇನ್ನೊಂದರಲ್ಲಿ ನಿಕಲ್ ಇದೆ, ನುಡಿಸಿ ನೋಡಿ ಅಂದರು. ನುಡಿಸಿದೆ.

"ಯಾವುದು ಚೆನ್ನಾಗಿದೆ?" ಎಂದು ಕೇಳಿದೆ.

"ಎರಡೂ ಅದ್ಭುತ."

"ನಿಮಗೆ ಕೇಳಿಸ್ತಾ?"

"ಇಲ್ಲ. ಆದ್ರೆ ಇವತ್ತು ತಾನೇ ಬಂದಿರೋ ಮಾಲು, ಕೆಟ್ಟದಿರೋಕೆ ಹೇಗೆ ಸಾಧ್ಯ?"

ನಿಕಲ್ ತಗೊಂಡೆ. ದುಂಡು ಸರಿಗೆ ಸುತ್ತಿದ್ದು, ಬೆರಳು ಜಾರಿಸಿದರೆ ಜಿಪ್ ಎಳೆದ ಸದ್ದು ಬರುತ್ತದೆ.

ಮನೆಯ ಡ್ರಮ್ಸ್ ಕೋಣೆಯಲ್ಲಿ ಕೂತು ಬದಲಿಸಿದೆ. ಹೋಟೆಲಿನಲ್ಲಿದ್ದ ಡ್ರಮ್ಸ್ ಹೋಟೆಲಿನವರದು. ಅವನ ಸ್ವಂತದ್ದು ಇಲ್ಲೇ, ಸದ್ದು ಹೊರಗೆ ಹೋಗದಂತೆ ಗೋಡೆಗೆ ಮೊಳೆ ಹೊಡೆದ ಹಾಸಿಗೆಗಳ ನಡುವೆ, ಬಟ್ಟೆ ಹೊದ್ದು ಕೂತಿದೆ. ಹಡಗಿನ ಬ್ಯಾಂಡಿಗೆ ಯಾರೂ ಡ್ರಮ್ಸ್ ಹೊತ್ತುಕೊಂಡು ಹೋಗುವುದಿಲ್ಲವಂತೆ, ಹಡಗಲ್ಲೇ ಇರುತ್ತದಂತೆ. ಹೆಂಡತಿಯನ್ನೂ ಹೊತ್ತುಕೊಂಡು ಹೋಗುವುದಿಲ್ಲ. ಹೋದ ವಾರ ತಿಂಡಿ ತಿನ್ನುವಾಗ ಹೇಳಿದ: ಕೆಲಸ ಸಿಕ್ಕಿದೆ, ಭಾನುವಾರ ಹೊರಡುತ್ತೇನೆ, ಈ ಮನೆಗೆ ಮತ್ತೆ ಬರುವ ಯೋಚನೆ ಇಲ್ಲ. ಜಗಳವಿಲ್ಲ, ಇನ್ನೊಬ್ಬಳೂ ಇಲ್ಲ. "ಸಾಕಾಗಿದೆ ಅಷ್ಟೇ," ಅಂದ. ಅತ್ತೆ ಒಳಗೆ ಬೀನ್ಸ್ ಹೆಚ್ಚುತ್ತಿದ್ದರು. ಚಾಕುವಿನ ಸದ್ದು ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

ತಂತಿಯ ಬಿಗಿ ಕಡಿಮೆಯಾದದ್ದರಿಂದ ಗಿಟಾರಿನ ಕುತ್ತಿಗೆ ಹಿಂದಕ್ಕೆ ಬಾಗಿ ಎಲ್ಲ ಸ್ವರವೂ ಝರ್ ಎನ್ನತೊಡಗಿತು. ಒಳಗಿನ ಸರಳನ್ನು ಕೀಲಿ ಹಾಕಿ ಕಾಲು ಸುತ್ತು ಸಡಿಲಿಸಿದೆ. ಈ ಕೆಲಸ ಯಾವಾಗಲೂ ಅವನದು. ಕುತ್ತಿಗೆ ಮುರಿದೇ ಹೋಗುತ್ತದೆ ಎಂದು ನನಗೆ ಭಯ. ಮುರಿಯಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. "ಪಾತ್ರೆ ಅಂಗಡಿ ಇಟ್ಟ ಹಾಗಿದೆ," ಅಂದು ಹೋದರು.

ಮಾರ್ಚ್ 8, ಶನಿವಾರ

ಹೊಸ ತಂತಿ. ಪ್ರತಿ ಸ್ವರವೂ ಮುಳ್ಳಿನಂತೆ ಮೇಲೆದ್ದು ನಿಂತಿತು. ಸಂತೋಷಪಟ್ಟು ಲೀಡರ್ ಕಡೆ ನೋಡಿದೆ.

"ಈಗ ತಡ ಆಗೋದು ಇನ್ನೂ ಸ್ಪಷ್ಟವಾಗಿ ಕೇಳುತ್ತೆ," ಅಂದರು.

ಮಾರ್ಚ್ 16, ಭಾನುವಾರ

ವಾರವಿಡೀ ಮಾಡಿದ್ದು: ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜಿನ ಪಕ್ಕ, ಅವುಗಳ ಅಡಿಗೆ ಸ್ಪಂಜಿನ ತುಂಡು ತುರುಕಿದೆ. ಸ್ವರ ಚಿಕ್ಕದಾಯಿತು, ತಡ ಹಾಗೇ ಇತ್ತು. ಬೆರಳು ಬಿಟ್ಟು ಪ್ಲಾಸ್ಟಿಕ್ ಚೂರಿನಿಂದ ಮೀಟಿದೆ. ಟೈಪಿಂಗ್ ಮಾಡುವವಳಂತೆ ಕೇಳಿಸಿತು. ಕಪ್ಪು ನೈಲಾನ್ ಹೊದಿಸಿದ ತಂತಿ ತಂದೆ. ನೋಡಲು ಚೆಂದ, ಜಡೆಯ ಹಾಗೆ. ಮೈನಾಗೆ ಇಷ್ಟವಾಯಿತು, ಲೀಡರ್‌ಗೆ ಇಲ್ಲ. ಅಂಗಡಿಯವರ ನೆಗಡಿ ವಾಸಿಯಾಗಿದೆ. ಈಗ ಎರಡು ಕಿವಿಯಿಂದಲೂ ಕೇಳಿ "ಎಲ್ಲವೂ ಅದ್ಭುತ" ಅನ್ನುತ್ತಾರೆ.

ಭಾನುವಾರ ಹಾಲ್‌ಗೆ ರಜೆ. ಬಟ್ಟೆ ಒಗೆಯುವಾಗ ಬುಟ್ಟಿಯ ತಳದಲ್ಲಿ ಅವನ ಒಂದು ಕಾಲುಚೀಲ ಸಿಕ್ಕಿತು. ಬಲಗಾಲಿನದು. ಡ್ರಮ್ಸ್ ತುಳಿಯುವ ಕಾಲು, ಹೆಬ್ಬೆರಳ ಜಾಗದಲ್ಲಿ ತೂತು. ಒಗೆದು ಹಾಕಿದೆ. ಒಣಗಿದ ಮೇಲೆ ಎಲ್ಲಿಡಬೇಕೆಂದು ತೋಚದೆ ಹಗ್ಗದ ಮೇಲೆಯೇ ಬಿಟ್ಟೆ.

ಮಧ್ಯಾಹ್ನ ಅತ್ತೆಯೂ ನಾನೂ ಎದುರುಬದುರು ಕೂತು ಊಟ ಮಾಡಿದೆವು. ಅವನಿದ್ದಾಗ ಇಬ್ಬರೂ ಅವನ ಜೊತೆ ಮಾತಾಡುತ್ತಿದ್ದೆವು, ಪರಸ್ಪರ ಮಾತಾಡಿದ್ದು ಕಡಿಮೆ. ಈಗ ಉಪ್ಪು ದಾಟಿಸಲೂ ಗಂಟಲು ಸರಿಮಾಡಿಕೊಳ್ಳಬೇಕು. ಏನಾದರೂ ಹೇಳಬೇಕೆಂದು ಲೀಡರ್ ಮಾತನ್ನು ಹೇಳಿದೆ, ನಾನು ಹಿಂದೆ ಬೀಳುತ್ತೇನಂತೆ ಅಂತ.

"ನನ್ನ ಮಗನ ಸಹವಾಸ," ಅಂದರು ಅತ್ತೆ. "ಹುಟ್ಟೋವಾಗ್ಲೇ ತಡ ಮಾಡಿದ. ಡಾಕ್ಟರು ಬಂದು ಚಹಾ ಕುಡಿದು ವಾಪಸ್ ಹೋದ್ರು. ನಡೆಯೋದೂ ತಡ, ಮಾತೂ ತಡ. ಒಂದು ಹೆಜ್ಜೆ ಇಡೋಕೂ ನಾವೆಲ್ಲ ಉಸಿರು ಬಿಗಿ ಹಿಡಿದು ಕಾಯಬೇಕಾಗಿತ್ತು."

ಇಬ್ಬರೂ ನಕ್ಕೆವು. ಆಮೇಲೆ ಅತ್ತೆ ಎದ್ದು ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು.

ಮಾರ್ಚ್ 24, ಸೋಮವಾರ

ಲೀಡರ್ ನನ್ನನ್ನು ಪಕ್ಕಕ್ಕೆ ಕರೆದರು. ಹೋಟೆಲಿನ ಮ್ಯಾನೇಜರ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಇದರಲ್ಲಿ ಬೇಸ್ ಕೂಡ ಇದೆಯಲ್ಲ ಎಂದರಂತೆ.

"ಇದೆಯಾ?" ಎಂದು ಕೇಳಿದೆ.

"ಇದೆ. ಚೆನ್ನಾಗಿಲ್ಲ. ಆದ್ರೆ ಹೊತ್ತಿಗೆ ಸರಿಯಾಗಿ ಬರುತ್ತೆ." ಮುಖ ನೋಡದೆ ಹೇಳಿದರು. "ಮುಂದಿನ ತಿಂಗಳ ಕೊನೇಲಿ ಅವರು ಕೂತು ಕೇಳ್ತಾರಂತೆ. ಅಷ್ಟರೊಳಗೆ ಏನಾದ್ರೂ ಮಾಡು. ಪೆಟ್ಟಿಗೆ ಮನೆಗೆ ತಗೊಂಡು ಹೋಗು, ಅದರ ಜೊತೆ ಅಭ್ಯಾಸ ಮಾಡು."

ಲೀಡರ್ ಕೆಟ್ಟವರಲ್ಲ. ನಮ್ಮ ಮದುವೆಯಲ್ಲಿ ಬಿಡುವಿಲ್ಲದೆ ನುಡಿಸಿ ಊಟವನ್ನೇ ಮರೆತವರು.

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದ ಹೆಂಗಸು "ಕೇಕಾ?" ಎಂದು ಕೇಳಿದಳು. ಹೌದು ಅಂದೆ.

ಮಾರ್ಚ್ 30, ಭಾನುವಾರ

ನುಡಿಸಲಿಲ್ಲ.

ಏಪ್ರಿಲ್ 2, ಬುಧವಾರ

ಪೆಟ್ಟಿಗೆಯ ಜೊತೆ ಮೂರನೇ ಬೆಳಿಗ್ಗೆ. ಬಾಗಿಲು ಹಾಕಿಕೊಂಡು, ಅವನ ಡ್ರಮ್ಸ್‌ಗೆ ಬೆನ್ನು ಮಾಡಿ ಕೂತೆ. ಪೆಟ್ಟಿಗೆಗೆ ಕಾಲಿಲ್ಲ, ಅದೇ ತೊಂದರೆ. ಅವನಾದರೆ ತುಳಿಯುವ ಮುಂಚೆ ಮಂಡಿ ಏಳುತ್ತಿತ್ತು. ನಾನು ಆ ಮಂಡಿಯನ್ನು ನೋಡುತ್ತಿದ್ದೆ. ಮುಖವನ್ನು ನೋಡಿದ್ದು ನೆನಪಿಲ್ಲ, ಮಂಡಿಯನ್ನು ಮಾತ್ರ.

ಅತ್ತೆ ಬಾಗಿಲು ತಟ್ಟದೆ ಒಳಗೆ ಬಂದು ಡ್ರಮ್ಸ್ ಸ್ಟೂಲಿನ ಮೇಲೆ ಕೂತರು. ನಾನು ನಿಲ್ಲಿಸಿದೆ.

"ನಿಲ್ಲಿಸ್ಬೇಡ. ಆ ಕಡೆ ಒಬ್ಳೇ ಕೂತು ಕೂತು ಸಾಕಾಯ್ತು."

ನುಡಿಸಿದೆ. ಒಂದು ಹಾಡಿನಷ್ಟು ಹೊತ್ತು ಕೇಳಿದರು.

"ಅದು ಡಬ್ ಅನ್ನುತ್ತೆ. ಆಮೇಲೆ ನೀನು. ಅದು ಡಬ್, ಆಮೇಲೆ ನೀನು. ಯಾಕೆ ಕಾಯ್ತೀಯ?"

"ಕಾಯ್ತಾ ಇಲ್ಲ. ನೈಲಾನ್ ತಂತಿ ಅರಳೋಕೆ ಹೊತ್ತು ಬೇಕು."

"ಹೋದ ತಿಂಗಳು ಬೇರೆ ತಂತಿ ಇತ್ತಲ್ಲ?"

"ಅದೂ ಸರಿ ಇರ್ಲಿಲ್ಲ."

"ಸರಿ, ತಂತಿದೇ ತಪ್ಪು ಅನ್ನು. ನೀನು ಕಾಯ್ತಾನೇ ಇರು."

"ನಾನು ಯಾರಿಗೂ ಕಾಯ್ತಾ ಇಲ್ಲ!" ನನ್ನ ದನಿ ಹಾಸಿಗೆಯ ಗೋಡೆಗಳೂ ಹೀರಲಾಗದಷ್ಟು ಏರಿತು. "ದಿನಾ ಫೋನ್ ಪಕ್ಕ ಕೂರೋದು ನೀವು, ನಾನಲ್ಲ."

ಅತ್ತೆ ಎದ್ದು ಹೋದರು. ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದರು, ಅದೇ ಹೆಚ್ಚು ಚುಚ್ಚಿತು. ಪೆಟ್ಟಿಗೆ ಡಬ್ ಡಬ್ ಅನ್ನುತ್ತಲೇ ಇತ್ತು. ಸಿಟ್ಟಿನಲ್ಲಿ ಅದರ ಜೊತೆ ನುಡಿಸಿದೆ, ಗುದ್ದಾಡುವ ಹಾಗೆ. ಬೆರಳಿನ ತುದಿ ಉರಿಯುವವರೆಗೆ. ನಾದದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೇಳಿಸಿಕೊಳ್ಳಲೇ ಇಲ್ಲ.

ಸಂಜೆ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಮಾಡಿದೆವು.

ಏಪ್ರಿಲ್ 5, ಶನಿವಾರ

ಅತ್ತೆ ಮಾತಾಡಿದರು. "ಹಾಲು ಉಕ್ಕುತ್ತೆ ನೋಡು," ಅಂದರು. ನೋಡಿದೆ. ಹಾಗೆ ಎಲ್ಲ ಸರಿಹೋಯಿತು.

ಏಪ್ರಿಲ್ 11, ಶುಕ್ರವಾರ

ತಂತಿ ಸಿಕ್ಕಿತು ಅನ್ನಿಸುತ್ತದೆ. ದುಂಡಾಗಿ ಸುತ್ತಿ, ಆಮೇಲೆ ಮೇಲ್ಮೈಯನ್ನು ಉಜ್ಜಿ ಅರ್ಧ ನಯ ಮಾಡಿದ ಜಾತಿ. ಅಂಗಡಿಯವರ ಕಪಾಟಿನ ಹಿಂದೆ ಎಂದಿನಿಂದಲೋ ಬಿದ್ದಿತ್ತು. ಹಳೆಯ ಮಾಲಾದ್ದರಿಂದ ಅವರು ಅದ್ಭುತ ಅನ್ನಲಿಲ್ಲ, ಅದಕ್ಕೇ ನಂಬಿಕೆ ಬಂತು.

ಇನ್ನೊಂದು ವಿಷಯ. ಮನೆಯಲ್ಲಿ ಒಬ್ಬಳೇ ಕೂತು ನಾದ ಹೊಂದಿಸಿದರೆ ತಳದ ನಾದದ ಗುಂಡಿಯನ್ನು ಏರಿಸುತ್ತೇನೆ, ಮಧ್ಯದ್ದನ್ನು ಇಳಿಸುತ್ತೇನೆ. ಜೇನಿನಂತಿರುತ್ತದೆ. ಅದನ್ನೇ ಹಾಲ್‌ಗೆ ಒಯ್ದರೆ ಕೀಬೋರ್ಡಿನ ಕೆಳಗೆ ಕರಗಿ ಕಾಣೆಯಾಗುತ್ತದೆ. ನಿನ್ನೆ ತಿರುವುಮುರುವು ಮಾಡಿದೆ. ತಳ ಇಳಿಸಿದೆ, ಮಧ್ಯ ಏರಿಸಿದೆ, ಬೆರಳನ್ನು ಬ್ರಿಡ್ಜ್ ಕಡೆ ಎರಡಂಗುಲ ಸರಿಸಿದೆ. ಒಂಟಿಯಾಗಿ ಕೇಳಿದರೆ ಮೂಗಿನಲ್ಲಿ ಮಾತಾಡುವ ಗಂಡಸಿನ ಹಾಗಿತ್ತು, ನಾಚಿಕೆಯಾಯಿತು. ಹಾಡು ಶುರುವಾದ ಮೇಲೆ ಪ್ರತಿ ಸ್ವರವೂ ಅದರದರ ಜಾಗದಲ್ಲಿ ಕೂತಿತು. ಟ್ರೇ ಹಿಡಿದು ಹೋಗುತ್ತಿದ್ದ ಮಾಣಿ ತಿರುಗಿ ನೋಡಿದ. ಹಿಂದೆ ಯಾವತ್ತೂ ಯಾರೂ ನನ್ನ ಕಡೆ ತಿರುಗಿದ್ದಿಲ್ಲ. ಯಾರಾದರೂ ನೋಡಿದರೆ ನಾನು ತಪ್ಪು ನುಡಿಸಿದ್ದೇನೆ ಎಂದೇ ಅರ್ಥವಿತ್ತು.

ಲೀಡರ್ ಏನೂ ಅನ್ನಲಿಲ್ಲ. ಎಲ್ಲ ತಂತಿಯ ಮಹಿಮೆ. ಮೊದಲೇ ಇದನ್ನು ಹಾಕಿದ್ದರೆ ಒಂದು ತಿಂಗಳ ಗೋಳು ತಪ್ಪುತ್ತಿತ್ತು.

ಏಪ್ರಿಲ್ 19, ಶನಿವಾರ

ನಾದಿನಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಾಳೆ. ಇಬ್ಬರು ಸಣ್ಣ ಮಕ್ಕಳು. ಅತ್ತೆ ಹೋಗಲೇಬೇಕು. ಇಷ್ಟು ದಿನ ಅಂತಿಲ್ಲ. ನಾದಿನಿ ಫೋನಿನಲ್ಲಿ ಅಂದದ್ದು ನನಗೂ ಕೇಳಿಸಿತು: "ಅಲ್ಲಿ ನಿಂಗೆ ಯಾರಿದ್ದಾರೆ ಅಂತ ಇರ್ತೀಯ ಅಮ್ಮ?" ಅತ್ತೆ ನನ್ನ ಕಡೆ ನೋಡಿ, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

ಬಸ್ ನಿಲ್ದಾಣಕ್ಕೆ ನಾನೇ ಬಿಟ್ಟು ಬಂದೆ. ಕಿಟಕಿಯ ಪಕ್ಕ ಸೀಟು ಹಿಡಿದು ಕೊಟ್ಟೆ.

"ನೀನೂ ಬಾ ಅಂದ್ರೆ ಬರಲ್ಲ."

"ಹಾಲ್‌ನಲ್ಲಿ ಯಾರು ನುಡಿಸ್ತಾರೆ?"

"ಅದೂ ಸರಿ." ಚೀಲವನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಅಲ್ಲಿ ಅಕ್ಕಪಕ್ಕದವರು ಕೇಳ್ತಾರೆ, ನಿಮ್ಮ ಮನೇಲಿ ಯಾರಿದ್ದಾರೆ ಅಂತ. ಮಗನ ಹೆಂಡತಿ ಅನ್ನೋಕೆ ಬಾಯಿ ಬರಲ್ಲ. ಸೊಸೆ ಅಂತೀನಿ. ಆಗಬಹುದಾ?"

"ಎರಡೂ ಒಂದೇ ಅಲ್ವಾ ಅತ್ತೆ?"

"ಅಲ್ಲ," ಅಂದರು.

ಬಸ್ಸು ಹೊರಟಿತು. ಕೈ ಬೀಸುವಷ್ಟರಲ್ಲಿ ಒಂದು ಲಾರಿ ಅಡ್ಡ ಬಂತು.

ಏಪ್ರಿಲ್ 20, ಭಾನುವಾರ

ಮನೆಗೆ ಇಷ್ಟು ಸದ್ದುಗಳಿವೆ ಎಂದು ಗೊತ್ತಿರಲಿಲ್ಲ. ಫ್ರಿಜ್ಜಿನದು ಒಂದು ಗುಂಯ್. ಎಲ್ಲಕ್ಕಿಂತ ದಪ್ಪ ತಂತಿಯನ್ನು ಅದಕ್ಕೆ ಹೊಂದಿಸಿ ನೋಡಿದೆ, ಎರಡು ಸ್ವರಗಳ ನಡುವೆ ಎಲ್ಲಿಯೂ ಸೇರದೆ ನಿಂತಿದೆ. ನಲ್ಲಿಯದು ಬೇರೆ. ಮೇಲಿನ ಮನೆಯವರು ಕುರ್ಚಿ ಎಳೆಯುತ್ತಾರೆ, ಮತ್ತೆ ಅಲ್ಲೇ ಇಡುತ್ತಾರೆ. ಅವರಿಗೆ ಯಾರೋ ಏನೋ ಹೇಳಿ ನಗುತ್ತಾರೆ.

ಬೆಳಿಗ್ಗೆ ಎದ್ದು ಎರಡು ಲೋಟ ಚಹಾ ಮಾಡಿದೆ. ಒಂದನ್ನು ಕುಡಿದೆ, ಇನ್ನೊಂದನ್ನೂ ಕುಡಿದೆ. ಅತ್ತೆಯ ಕೋಣೆ ಗುಡಿಸಲು ಹೋದೆ, ಅವರೇ ಗುಡಿಸಿ ಹೋಗಿದ್ದರು. ಹಾಸಿಗೆ ಮಡಿಸಿದ ರೀತಿ ನೋಡಿದರೆ ಬೇಗ ಬರುವವರ ಮಡಿಕೆಯಲ್ಲ ಅದು. ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದರು.

ಅಂಗಡಿಗೆ ಹೋಗಿ ಬೇಡದಿದ್ದರೂ ಬ್ರೆಡ್ ತಂದೆ. ಅಂಗಡಿಯವಳು "ಬೇರೆ ಏನು?" ಎಂದಳು. ಮಾತು ಮುಂದುವರಿಸಲು ಏನೂ ಹೊಳೆಯದೆ ಬೆಂಕಿಪೊಟ್ಟಣ ಕೇಳಿದೆ. ಮನೆಯಲ್ಲಿ ನಾಲ್ಕಿವೆ.

ಮಧ್ಯಾಹ್ನ ಗಿಟಾರು ತೆಗೆದುಕೊಂಡು ಬೇಕೆಂದೇ ಜೋರಾಗಿ ನುಡಿಸಿದೆ. ಪಾತ್ರೆ ಅಂಗಡಿ ಅನ್ನಲು ಯಾರೂ ಬರಲಿಲ್ಲ. ನಿಲ್ಲಿಸಿದ ಮೇಲೆ ಡ್ರಮ್ಸಿನ ಒಂದು ಹಿತ್ತಾಳೆ ತಟ್ಟೆ ಬಟ್ಟೆಯ ಕೆಳಗೆ ನನ್ನ ಸ್ವರಕ್ಕೆ ಸಣ್ಣಗೆ ನಡುಗುತ್ತಾ ಉಳಿಯಿತು. ಕೈಯಿಟ್ಟು ನಿಲ್ಲಿಸಿದೆ.

ಏಪ್ರಿಲ್ 29, ಮಂಗಳವಾರ

ಮ್ಯಾನೇಜರ್ ನಿನ್ನೆ ಕೂತು ಕೇಳಿದರು. ಕೇಳಿದ್ದಕ್ಕಿಂತ ಹೆಚ್ಚು ಫೋನಿನಲ್ಲಿ ಮಾತಾಡಿದರು. ಎದ್ದು ಹೋಗುವಾಗ ಲೀಡರ್ ಕಿವಿಯಲ್ಲಿ ಏನೋ ಅಂದರು.

"ಏನಂದ್ರು?"

"ಹೀಗೇ ಇರ್ಲಿ ಅಂದ್ರು." ಲೀಡರ್ ವೈರಿನ ಗಂಟು ಬಿಡಿಸುತ್ತಾ ಅಂದರು. "ಪೆಟ್ಟಿಗೇನೇ ನಿನ್ನ ಮಾತು ಕೇಳೋ ಥರ ನುಡಿಸ್ತೀಯ ಈಗ."

ಮೈನಾ ನನ್ನನ್ನು ತಬ್ಬಿಕೊಂಡಳು. ಅವಳ ಬಳೆ ತಂತಿಗೆ ತಾಗಿ ದೊಡ್ಡ ಸದ್ದಾಯಿತು.

ಮಧ್ಯದ ಗುಂಡಿ: ಅರ್ಧಕ್ಕಿಂತ ತುಸು ಮೇಲೆ. ತಂತಿಯ ಹೊಸ ಮಿರುಗು ಇಳಿದು ಹದಕ್ಕೆ ಬಂದಿದೆ.

ಮನೆಗೆ ಬಂದು ಸುದ್ದಿ ಹೇಳಲು ಬಾಗಿಲಲ್ಲೇ "ಅತ್ತೆ" ಎಂದೆ. ಆಮೇಲೆ ಫೋನ್ ಮಾಡಿದೆ, ನಾದಿನಿಯ ಮಕ್ಕಳ ಗಲಾಟೆಯಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ. "ಒಳ್ಳೇದಾಯ್ತು, ಒಳ್ಳೇದಾಯ್ತು," ಅಂದರು.

ಮೇ 6, ಮಂಗಳವಾರ

ಅತ್ತೆಯ ಮಗ ಬಂದಿದ್ದ. ಹಡಗು ರಿಪೇರಿಗೆ ನಿಂತಿದೆಯಂತೆ. ಮುಂದೆ ಬೇರೆ ಬಂದರಿನಲ್ಲಿ ಮನೆ ಮಾಡುತ್ತಾನಂತೆ, ಡ್ರಮ್ಸ್ ಬೇಕಂತೆ. ತೆಳ್ಳಗಾಗಿದ್ದಾನೆ. ಬಿಸಿಲಿಗೆ ಮೂಗು ಸುಲಿದಿದೆ.

ನಿನ್ನೆ ಮೊದಲು ಹಾಲ್‌ಗೇ ಬಂದ. ಲೀಡರ್‌ಗೆ ಸಂತೋಷವೋ ಸಂತೋಷ. "ಒಂದೆರಡು ಹಾಡು ಕೂತ್ಕೋ, ಈ ಡಬ್ಬಿಗೆ ರೆಸ್ಟ್ ಕೊಡೋಣ," ಎಂದು ಪೆಟ್ಟಿಗೆ ಆರಿಸಿದರು. ಮೂಲೆಯಲ್ಲಿದ್ದ ಹೋಟೆಲಿನ ಡ್ರಮ್ಸ್ ಎಳೆದು ತಂದರು. ಮೈನಾ ನನ್ನ ಮುಖ ನೋಡಿದಳು. ನಾನು ಶ್ರುತಿ ನೋಡಿಕೊಳ್ಳುತ್ತಿದ್ದೆ.

ಆ ನಿಧಾನದ ಹಾಡನ್ನೇ ತೆಗೆದುಕೊಂಡೆವು. ನೂರಾರು ಸಲ ಜೊತೆಗೆ ನುಡಿಸಿದ್ದು. ಶುರುವಿನಿಂದಲೇ ಏನೋ ಹೊಂದಲಿಲ್ಲ. ಅವನು ಒಂದು ಸಲ ಕಾಲನ್ನು ಜೋರಾಗಿ ತುಳಿದ, ಒಂದು ಸಲ ಮೆತ್ತಗೆ, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಹಾಗೆ. ಎರಡನೇ ಹಾಡಿನ ನಡುವೆ ನನ್ನ ಕೈಯನ್ನೇ ನೋಡತೊಡಗಿದ. ಅವನು ನನ್ನ ಕೈ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪಾಪ ಅನ್ನಿಸಿತು. ಅಭ್ಯಾಸ ತಪ್ಪಿರಬೇಕು, ಹಡಗು ಅಲುಗಾಡುತ್ತದಲ್ಲ.

ಮುಗಿದ ಮೇಲೆ ಅವನು ಬೆವರು ಒರೆಸಿಕೊಂಡು, "ಓಡ್ತಾ ಇದ್ದೀಯ," ಅಂದ.

"ನಾನಾ?"

"ನಾನು ಬರೋಕೆ ಮುಂಚೆ ಹೊರಟುಹೋಗ್ತೀಯ."

ಯಾವಾಗಲೂ ನುಡಿಸುವ ಹಾಗೆಯೇ ನುಡಿಸಿದೆ ಎಂದೆ. ನಿಜವಾಗಿಯೂ ಹಾಗೆಯೇ ನುಡಿಸಿದ್ದು. ಲೀಡರ್ ಏನಾದರೂ ಹೇಳುತ್ತಾರೆಂದು ನೋಡಿದೆ. ಅವರು ಕೀಬೋರ್ಡಿನ ಧೂಳು ಒರೆಸುತ್ತಾ, "ಅವಳು ಸರಿಯಾಗೇ ಇದ್ಳು ಕಣೋ," ಅಂದರು.

ಇವತ್ತು ಬೆಳಿಗ್ಗೆ ವ್ಯಾನು ತಂದ. ಒಂದೊಂದೇ ಡ್ರಮ್ ಇಳಿಸಿದೆವು. ದೊಡ್ಡದಕ್ಕೆ ಇಬ್ಬರು ಬೇಕು. ಮೆಟ್ಟಿಲಲ್ಲಿ ನಾನು ಮುಂದೆ ಹಿಮ್ಮುಖವಾಗಿ, ಅವನು ಹಿಂದೆ. "ಮೆಲ್ಲಗೆ," "ಬಲಕ್ಕೆ," "ಹಿಡ್ಕೋ," ಇಷ್ಟೇ ಮಾತು. ಆ ಕೆಲಸ ಮಾತ್ರ ಸಲೀಸಾಗಿ ಆಯಿತು.

ಕೋಣೆಯಲ್ಲಿ ನನ್ನ ಗಿಟಾರು ಎತ್ತಿ ಒಂದು ಸ್ವರ ಮೀಟಿದ. "ಇದೇನಿದು, ಮೂಗಲ್ಲಿ ಮಾತಾಡುತ್ತೆ. ಹಳೇ ತಂತಿ ಎಷ್ಟು ಮೆತ್ತಗಿತ್ತು."

"ಒಂಟಿಯಾಗಿ ಕೇಳಿದ್ರೆ ಹಾಗೇ," ಎಂದೆ. ಅವನು ಕೆಳಗಿಟ್ಟ.

ಅತ್ತೆಯ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ನಿಂತು ಒಳಗೆ ನೋಡಿದ, ಮಡಿಸಿದ ಹಾಸಿಗೆಯನ್ನು, ಖಾಲಿ ಗೂಟವನ್ನು. ಅಮ್ಮ ಎಲ್ಲಿ ಎಂದು ಕೇಳುತ್ತಾನೆ ಎಂದು ಕಾದೆ. ತಂಗಿ ಹೇಳಿರಬಹುದು. ಏನೂ ಕೇಳದೆ ಶೂ ಹಾಕಿಕೊಂಡ.

ವ್ಯಾನಿನ ಬಾಗಿಲು ಎರಡು ಸಲ ಹಾಕಬೇಕಾಯಿತು, ಸರಿಯಾಗಿ ಕೂರಲಿಲ್ಲ. ಹೋದ.

ಮೇ 7, ಬುಧವಾರ

ಕೋಣೆಯ ಗೋಡೆಯಿಂದ ಹಾಸಿಗೆಗಳನ್ನೂ ಕಿತ್ತೆ. ಮೊಳೆಯ ತೂತುಗಳು ಉಳಿದಿವೆ. ಬರಿಯ ಗೋಡೆಗೆ ದಪ್ಪ ತಂತಿ ವಿಪರೀತ ಮೊಳಗುತ್ತದೆ, ತಳದ ಗುಂಡಿಯನ್ನು ಇನ್ನಷ್ಟು ಇಳಿಸಬೇಕಾಯಿತು.

ಸಂಜೆ ಅತ್ತೆಯ ಫೋನು. ಮಕ್ಕಳು ಆಟಕ್ಕೆ ಹೋಗಿದ್ದವು, ಹಾಗಾಗಿ ಅವರ ಉಸಿರೂ ಕೇಳಿಸುತ್ತಿತ್ತು.

"ಬಂದಿದ್ನಂತೆ?"

"ಬಂದಿದ್ದ. ಡ್ರಮ್ಸ್ ತಗೊಂಡು ಹೋದ."

"ಹೇಗಿದ್ದಾನೆ?"

"ಸ್ವಲ್ಪ ತೆಳ್ಳಗಾಗಿದ್ದಾನೆ. ಚೆನ್ನಾಗಿದ್ದಾನೆ."

"ನನ್ನ ಕೇಳಿದ್ನಾ?"

"ಕೇಳಿದ," ಎಂದೆ. ಅವರ ಮಾತು ಮುಗಿಯುವುದಕ್ಕೂ ನನ್ನ ಮಾತು ಬೀಳುವುದಕ್ಕೂ ನಡುವೆ ಏನೂ ಇರಲಿಲ್ಲ. "ಬಂದ ತಕ್ಷಣ ಕೇಳಿದ್ದೇ ನಿಮ್ಮನ್ನ."

ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದು ಬಂತು.

"ಊಟ ಆಯ್ತಾ?" ಅಂದರು ಆಮೇಲೆ.

ಆಯಿತು ಎಂದೆ. ಅದು ನಿಜ. ಒಬ್ಬಳಿಗೆ ಎಷ್ಟು ಅನ್ನ ಇಡಬೇಕೆಂದು ಇವತ್ತು ಮೊದಲ ಸಲ ಸರಿಯಾಗಿ ಗೊತ್ತಾಗಿತ್ತು.